ಸ್ಟೇಷನ್ನಿನ ಆಚೆ ಬದಿಯ ಮನೆಗಳು

ಕಾಶಿಗೆ ಹೋಗುವ ಕನ್ನಡಿಗರಲ್ಲಿ ಹೆಚ್ಚಿನವರು ರೈಲು ಇಳಿಯುವುದು ವಾರಾಣಸಿ ಜಂಕ್ಷನ್ನಿನಲ್ಲಿ. ಆ ಊರಿನವರ ಬಾಯಲ್ಲಿ ಅದು ‘ಕ್ಯಾಂಟ್’. ಆಟೋದವರು, ಕೂಲಿಗಳು, ಮಠದ ಮ್ಯಾನೇಜರು ಎಲ್ಲರೂ ‘ಕ್ಯಾಂಟ್ ಸ್ಟೇಷನ್’ ಎಂದೇ ಹೇಳುತ್ತಾರೆ. ಇಳಿದ ಯಾತ್ರಿಕರು ಗಂಟುಮೂಟೆ ಹೊತ್ತು ಊರ ಕಡೆಯ ಬಾಗಿಲಿನಿಂದ ಹೊರಬಂದು ಗೋದೌಲಿಯಾ ಹಾದಿ ಹಿಡಿಯುತ್ತಾರೆ. ಕೆಲವರು ಜಂಗಮವಾಡಿ ಮಠಕ್ಕೆ ಹೋಗುತ್ತಾರೆ, ಕೆಲವರು ಹನುಮಾನ್ ಘಾಟಿನ ಪಕ್ಕದ ನಮ್ಮ ಮೈಸೂರು ಘಾಟಿನ ಕಡೆಗೆ. ಸ್ನಾನ, ದರ್ಶನ, ಪಿಂಡಪ್ರದಾನ, ಗಂಗೆಯ ಥಾಲಿ ಎಲ್ಲ ಮುಗಿಸಿ ಅದೇ ಕ್ಯಾಂಟಿಗೆ ಮರಳಿ ಊರಿನ ಗಾಡಿ ಹತ್ತುತ್ತಾರೆ. ಆ ಸ್ಟೇಷನ್ನಿಗೆ ಹೆಸರು ಕೊಟ್ಟ ಕಂಟೋನ್ಮೆಂಟ್ ಮಾತ್ರ ಹಳಿಗಳ ಆಚೆ, ಉತ್ತರದ ಬದಿಯಲ್ಲಿ, ನೋಡುವವರಿಲ್ಲದೆ ಉಳಿಯುತ್ತದೆ.

ಇವತ್ತು ನಾನು ಮಾತಾಡಬೇಕೆಂದಿರುವುದು ಆ ಬದಿಯ ಬಂಗಲೆಗಳ ಬಗ್ಗೆ. ಅದರಲ್ಲೂ 1900ರಿಂದ 1920ರ ಆಸುಪಾಸಿನಲ್ಲಿ ಇಂಗ್ಲಿಷರು ಹೇಗೆ ಮನೆ ಕಟ್ಟಿಕೊಂಡು ಬದುಕಿದರು ಎನ್ನುವ ಬಗ್ಗೆ.

ಒಂದು ಕಡೆ ರೈಲುಹಳಿ, ಇನ್ನೊಂದು ಕಡೆ ವರುಣಾ ನದಿ. ಇವೆರಡರ ನಡುವೆ ಕಾಶಿಯ ಕಂಟೋನ್ಮೆಂಟ್ ಇದೆ. ನೇರ ರಸ್ತೆಗಳು, ಮಾಲ್ ರೋಡು, ಹಳೆಯ ಮರಗಳು, ಹತ್ತೊಂಬತ್ತನೆಯ ಶತಮಾನದ ಆರಂಭದ ಸೇಂಟ್ ಮೇರಿ ಚರ್ಚು. 1857ರ ಜೂನ್ 4ರಂದು ದೇಶೀ ಸಿಪಾಯಿಗಳ ಆಯುಧ ಕಿತ್ತುಕೊಳ್ಳಲು ಹೋಗಿ ಗುಂಡು ಹಾರಿದ ಪೆರೇಡು ಮೈದಾನ ಈ ದಂಡಿನದೇ. ಈಗ ಇಲ್ಲಿ ಗೂರ್ಖಾ ರೆಜಿಮೆಂಟಿನ ತರಬೇತಿ ಕೇಂದ್ರವಿದೆ. ಪಕ್ಕದ ನದೇಸರದಲ್ಲಿ ಹಳೆಯ ಟಂಕಸಾಲೆಯ ಕಟ್ಟಡ ನಿಂತಿದೆ. 1820ರಿಂದ ಹತ್ತು ವರ್ಷ ಆ ಟಂಕಸಾಲೆಯಲ್ಲಿ ಲೋಹಪರೀಕ್ಷಕನಾಗಿದ್ದವನು ಜೇಮ್ಸ್ ಪ್ರಿನ್ಸೆಪ್. ಕಾಶಿಯ ನಕ್ಷೆ ತೆಗೆದವನು ಅವನು, ಕಾಶಿಯ ಚಿತ್ರಗಳನ್ನು ಬರೆದವನೂ ಅವನೇ. ಮುಂದೆ ಬ್ರಾಹ್ಮೀ ಲಿಪಿಯನ್ನು ಓದಿ ತೋರಿಸಿದ. ಇರಲಿ, ಮನೆಯ ವಿಷಯಕ್ಕೆ ಬರೋಣ.

ಮೊದಲು ಇಂಗ್ಲೆಂಡಿನಲ್ಲಿ ಅದೇ ಕಾಲದಲ್ಲಿ ಇಂಗ್ಲಿಷ್ ಮನೆ ಹೇಗಿತ್ತು ಎಂದು ನೋಡಬೇಕು. ಆ ದಿನಗಳಲ್ಲಿ ಅಲ್ಲಿನ ಗೃಹವಾಸ್ತು ಯೂರೋಪಿನಲ್ಲೆಲ್ಲ ಹೆಸರು ಮಾಡಿತ್ತು. ಹರ್ಮನ್ ಮುತೇಸಿಯಸ್ ಎಂಬ ಜರ್ಮನ್ ವಾಸ್ತುಶಿಲ್ಪಿ 1896ರಿಂದ 1903ರವರೆಗೆ ಲಂಡನ್ನಿನ ರಾಯಭಾರ ಕಚೇರಿಯಲ್ಲಿದ್ದು, ಇಂಗ್ಲಿಷ್ ಮನೆಗಳನ್ನು ಒಂದೊಂದಾಗಿ ನೋಡಿ, 1904-05ರಲ್ಲಿ ಮೂರು ಸಂಪುಟಗಳ ಪುಸ್ತಕವನ್ನೇ ಬರೆದ. ವಾಯ್ಸಿ ಎಂಬ ವಾಸ್ತುಶಿಲ್ಪಿಯ ಒರಟು ಗಾರೆಯ ಬಿಳಿ ಗೋಡೆಗಳು, ಕೆಳಕ್ಕೆ ಇಳಿದ ಸೂರು, ಉದ್ದನೆಯ ಕಿಟಕಿ ಸಾಲು ಆಗ ಪ್ರಸಿದ್ಧವಾಗಿದ್ದವು. ಮುಂದೆ ಹೊಸದಿಲ್ಲಿಯನ್ನು ರೂಪಿಸಿದ ಲುಟಿಯೆನ್ಸ್ ಆಗಿನ್ನೂ ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಶ್ರೀಮಂತರಿಗೆ ಇಟ್ಟಿಗೆ, ಹೆಂಚು, ಓಕ್ ಮರದ ಮನೆಗಳನ್ನು ಕಟ್ಟಿಕೊಡುತ್ತಿದ್ದ. ಆ ಮನೆಗಳ ಚಿಂತೆಯೆಲ್ಲ ಬಿಸಿಲಿನದು: ಬಿಸಿಲು ಹೇಗೆ ಒಳಗೆ ಬಂದೀತು, ಎಷ್ಟು ಹೊತ್ತು ನಿಂತೀತು? ಬೈಠಕ್ಕು ದಕ್ಷಿಣಕ್ಕೆ ಮುಖ ಮಾಡಬೇಕು, ಗೋಡೆಯಿಂದ ಹೊರಚಾಚಿದ ಕಿಟಕಿ ಮೂರು ದಿಕ್ಕಿನ ಬೆಳಕನ್ನು ಹಿಡಿಯಬೇಕು, ನಡುವೆ ಬೆಂಕಿಗೂಡು, ಮೇಲೆ ಎತ್ತರದ ಹೊಗೆಗೊಳವೆ. ಇನ್ನೊಂದು ಚಿಂತೆ ಆಳುಗಳದು. ಆಳುಗಳು ಬೇಕು, ಆದರೆ ಕಣ್ಣಿಗೆ ಬೀಳಬಾರದು. ರಾಬರ್ಟ್ ಕರ್ ಎನ್ನುವವನು 1864ರಲ್ಲಿ ಬರೆದ ಗೃಹನಿರ್ಮಾಣದ ಪುಸ್ತಕದಲ್ಲಿ ಇದನ್ನು ತತ್ತ್ವವಾಗಿಯೇ ಹೇಳಿದ್ದಾನೆ: ಆಳುಗಳ ಮೆಟ್ಟಿಲು ಬೇರೆ, ಓಣಿ ಬೇರೆ, ಬಾಗಿಲು ಬೇರೆ.

ಅದೇ ಜನ ಕಾಶಿಗೆ ಬಂದಾಗ ಎರಡೂ ಚಿಂತೆ ತಲೆಕೆಳಗಾದವು. ಮೇ ತಿಂಗಳಲ್ಲಿ 45 ಡಿಗ್ರಿ ಬಿಸಿಲು. ಪಶ್ಚಿಮದಿಂದ ಬೀಸುವ ‘ಲೂ’ ಮುಖ ಸುಡುವ ಒಣಗಾಳಿ. ಇಲ್ಲಿ ಬಿಸಿಲನ್ನು ಹೊರಗೆ ನಿಲ್ಲಿಸುವುದೇ ಮನೆಯ ಮೊದಲ ಕೆಲಸ. ಆ ಕೆಲಸವಾಗಬೇಕಾದರೆ ಆಳುಗಳು ಕಣ್ಣಿಗೆ ಬೀಳದೆ ವಿಧಿಯಿಲ್ಲ.

ಒಂದು ಬಂಗಲೆಯ ನಕ್ಷೆ ಹೇಳುತ್ತೇನೆ. ವಿವರಗಳಲ್ಲಿ ವ್ಯತ್ಯಾಸವಿದ್ದರೂ ಉತ್ತರದ ದಂಡುಗಳಲ್ಲಿ ಮನೆಗಳು ಹೆಚ್ಚುಕಡಿಮೆ ಇದೇ ಬಗೆಯವು. ಎಕರೆಗಟ್ಟಲೆ ಕಾಂಪೌಂಡು, ಅದರ ನಡುವೆ ಎರಡು ಮೂರು ಅಡಿ ಎತ್ತರದ ಪಾಯದ ಮೇಲೆ ಒಂದೇ ಅಂತಸ್ತಿನ ಮನೆ. ಮುಂದೆ ಕುದುರೆಗಾಡಿ ಒಳಗೇ ಬಂದು ನಿಲ್ಲುವಂಥ ಪೋರ್ಟಿಕೋ. ನಾಲ್ಕು ಬದಿಗೂ, ಕಡೇಪಕ್ಷ ಮೂರು ಬದಿಗೆ, ಕಂಬಸಾಲಿನ ವರಾಂಡ. ಅದಕ್ಕೆ ಬಿದಿರಿನ ಚಿಕ್ಕುಗಳ ತೆರೆ. ಒಳಗೆ ನಟ್ಟನಡುವೆ ದೊಡ್ಡ ಪಡಸಾಲೆ, ಇಕ್ಕೆಲಗಳಲ್ಲಿ ಕೋಣೆಗಳು. ಓಣಿ ಎಂಬುದೇ ಇಲ್ಲ. ಒಂದು ಕೋಣೆ ಇನ್ನೊಂದಕ್ಕೆ ನೇರವಾಗಿ ತೆರೆಯುತ್ತದೆ. ಎರಡಡಿ ದಪ್ಪದ ಇಟ್ಟಿಗೆ ಗೋಡೆ, ಸುಣ್ಣ ಮತ್ತು ಸುರ್ಕಿಯ ಗಾರೆ. ಸುರ್ಕಿ ಎಂದರೆ ಇಟ್ಟಿಗೆಯ ಪುಡಿ. ನಮ್ಮ ಹಳೆಯ ಗಾರೆ ಕೆಲಸದವರಿಗೂ ಗೊತ್ತಿದ್ದ ವಸ್ತುವೇ. ಮಾಳಿಗೆ 18-20 ಅಡಿ ಎತ್ತರ. ವರಾಂಡದ ಸೂರಿಗಿಂತ ಮೇಲೆ, ಪಡಸಾಲೆಯ ಗೋಡೆಯಲ್ಲಿ, ‘ರೋಶನ್‌ದಾನ್’ ಎಂಬ ಪುಟ್ಟ ಗವಾಕ್ಷಿಗಳು. ಬಿಸಿಗಾಳಿ ಮೇಲೇರಿ ಅಲ್ಲಿಂದ ಹೊರಹೋಗುತ್ತದೆ. ಅವನ್ನು ಕೆಳಗೆ ನಿಂತೇ ತೆರೆದು ಮುಚ್ಚಲು ಎರಡು ಹಗ್ಗ. ಆ ಹಗ್ಗ ಸುತ್ತಲು ಆಳೆತ್ತರದಲ್ಲಿ ಗೋಡೆಗೆ ಒಂದು ಕೊಕ್ಕೆ.

ಇದನ್ನೆಲ್ಲ ಬರೆದು ಕೊಟ್ಟವರು ಬಹುತೇಕ ವಾಸ್ತುಶಿಲ್ಪಿಗಳಲ್ಲ. ಸೈನ್ಯದ ಇಂಜಿನಿಯರುಗಳು, ಪಿಡಬ್ಲ್ಯೂಡಿಯವರು, 1847ರಲ್ಲಿ ಆರಂಭವಾದ ರೂರ್ಕಿ ಕಾಲೇಜಿನಲ್ಲಿ ಕಲಿತವರು. ಒಂದು ಕಡೆ ಹೊಂದಿದ ನಕ್ಷೆ ನೂರು ಕಡೆ ನಡೆಯಿತು. ಆದ್ದರಿಂದಲೇ ಈ ಮನೆಗಳ ಮುಖದಲ್ಲಿ ಹೆಚ್ಚಿನ ಕುಸುರಿ ಇಲ್ಲ. ಸೌಂದರ್ಯ ಹುಡುಕಿಕೊಂಡು ಹೋದವರಿಗೆ ನಿರಾಸೆ ಆಗಬಹುದು. ಕಂಬಗಳ ಅಳತೆ, ನೆರಳಿನ ಆಳ, ಗೋಡೆಯ ದಪ್ಪ, ಇಷ್ಟೇ ಅವುಗಳ ಚೆಲುವು. ನನಗೆ ಇಷ್ಟು ಸಾಕೆನ್ನಿಸುತ್ತದೆ.

ಈಗ ಆ ಮನೆ ಮೇ ತಿಂಗಳ ಒಂದು ದಿನ ಹೇಗೆ ನಡೆಯುತ್ತಿತ್ತು ಕೇಳಿ. ನಸುಕಿನಲ್ಲಿ ಎಲ್ಲ ಬಾಗಿಲು ತೆರೆದು ರಾತ್ರಿಯ ತಂಪನ್ನು ಒಳಗೆ ಬಿಟ್ಟುಕೊಳ್ಳಬೇಕು. ಬಿಸಿಲೇರುವ ಮುಂಚೆ ಒಂದೊಂದನ್ನೇ ಮುಚ್ಚುತ್ತ ಬರಬೇಕು. ಪಶ್ಚಿಮದ ಬಾಗಿಲಿಗೆ ಲಾವಂಚದ ಬೇರಿನ ತಟ್ಟಿ ಕಟ್ಟಬೇಕು. ಭಿಸ್ತಿ ಚರ್ಮದ ಚೀಲದಲ್ಲಿ ಬಾವಿಯಿಂದ ನೀರು ತಂದು ಆ ತಟ್ಟಿಗೆ ದಿನವಿಡೀ ಎರಚುತ್ತಿರಬೇಕು. ಲೂ ಗಾಳಿ ಒದ್ದೆ ಬೇರಿನ ನಡುವೆ ನುಗ್ಗಿ ತಂಪಾಗಿ, ಪರಿಮಳವಾಗಿ ಒಳಗೆ ಬರುತ್ತಿತ್ತು. ಪಡಸಾಲೆಯ ಜಂತೆಯಿಂದ ತೂಗುಬಿಟ್ಟ ಉದ್ದನೆಯ ಪಂಖಾ. ಅದರ ಹಗ್ಗ ಗೋಡೆಯ ಒಂದು ತೂತಿನ ಮೂಲಕ ಹಾದು ವರಾಂಡಕ್ಕೆ ಹೋಗುತ್ತದೆ. ಹಗ್ಗ ಸವೆಯದಿರಲಿ ಎಂದು ತೂತಿನಲ್ಲಿ ಒಂದು ರಾಟೆ. ಹಗ್ಗದ ಆಚೆ ತುದಿಯಲ್ಲಿ, ಅದೇ ಬಿಸಿಲಿನಲ್ಲಿ, ಒಬ್ಬ ಮನುಷ್ಯ ಕುಳಿತು ಎಳೆಯುತ್ತಿರುತ್ತಾನೆ. ಹಗಲಿಗೊಬ್ಬ, ರಾತ್ರಿಗೊಬ್ಬ. ತೂಕಡಿಸಿದನೆಂದು ಅವನನ್ನು ಒದ್ದು, ಅವನು ಸತ್ತು, ದೊರೆ ಸಣ್ಣ ಜುಲ್ಮಾನೆಯಲ್ಲಿ ಪಾರಾದ ಪ್ರಕರಣಗಳು ಆ ಕಾಲದ ಕೋರ್ಟು ಕಡತಗಳಲ್ಲಿವೆ. ಹಳೆಯ ಮನೆಗಳಲ್ಲಿ ಆ ತೂತನ್ನು ನೀವು ಈಗಲೂ ನೋಡಬಹುದು. ಬಾಗಿಲ ಮೇಲ್ಭಾಗದಲ್ಲಿ ಅಂಗೈಯಗಲದ ಚೌಕ, ಬಹಳ ಕಡೆ ಸಿಮೆಂಟು ಮೆತ್ತಿ ಮುಚ್ಚಿರುತ್ತಾರೆ.

ಬಚ್ಚಲುಮನೆಯ ವಿಷಯ ಹೇಳದಿದ್ದರೆ ನಕ್ಷೆ ಪೂರ್ತಿಯಾಗದು. ಪ್ರತಿ ಮಲಗುವ ಕೋಣೆಗೂ ಅದರದೇ ‘ಗುಸಲ್‌ಖಾನಾ’. ಅದಕ್ಕೆ ಎರಡು ಬಾಗಿಲು: ಒಂದು ಮಲಗುವ ಕೋಣೆಗೆ, ಇನ್ನೊಂದು ನೇರ ಹೊರಕ್ಕೆ. ಒಳಗೆ ಒಂದು ತಗಡಿನ ತೊಟ್ಟಿ, ನೀರು ಹರಿದುಹೋಗಲು ಗೋಡೆಯ ಬುಡದಲ್ಲಿ ಒಂದು ಬಾಯಿ, ಮೂಲೆಯಲ್ಲಿ ಮರದ ಪೆಟ್ಟಿಗೆಯಂಥ ಕಮೋಡು. ಕೊಳಾಯಿ ಇಲ್ಲ. ಬಿಸಿನೀರು ತರುವವನು ಆ ಹೊರಬಾಗಿಲಿನಿಂದ ಬರುತ್ತಾನೆ. ಕಮೋಡಿನ ಮಡಕೆ ಹೊತ್ತೊಯ್ಯುವವನೂ ಅಲ್ಲಿಂದಲೇ. ಮನೆಯೊಳಗೆ ಅವನು ಕಾಲಿಡುವ ಹಾಗಿಲ್ಲ. ಇಂಗ್ಲೆಂಡಿನಲ್ಲಿ ಆಳುಗಳಿಗಾಗಿ ಕಟ್ಟಿದ ಹಿಂಬದಿ ಮೆಟ್ಟಿಲು ಇಲ್ಲಿ ಈ ಹೊರಬಾಗಿಲಾಯಿತು. ಇಂಗ್ಲಿಷರ ವರ್ಗಭೇದಕ್ಕೂ ನಮ್ಮ ಜಾತಿಭೇದಕ್ಕೂ ಇಟ್ಟಿಗೆ ಗೋಡೆಯಲ್ಲಿ ಎಷ್ಟು ಸಲೀಸಾಗಿ ನಂಟಸ್ತನ ಕುದುರಿತು ನೋಡಿ. ಅಡುಗೆಮನೆಯಂತೂ ಮನೆಯ ಒಳಗೇ ಇಲ್ಲ. ಹೊಗೆ, ವಾಸನೆ, ಬೆಂಕಿಯ ಭಯದಿಂದ ಅದನ್ನು ಹಿತ್ತಲಿನಲ್ಲಿ ದೂರ ಕಟ್ಟಿ, ಅದರ ಪಕ್ಕಕ್ಕೆ ಆಳುಗಳ ಸಾಲುಮನೆ, ಕುದುರೆ ಲಾಯ.

ಎಷ್ಟು ಆಳು ಬೇಕಾಗುತ್ತಿತ್ತು? ಇದಕ್ಕೆ ನಮ್ಮ ಬೆಂಗಳೂರಿನಿಂದಲೇ ಒಳ್ಳೆಯ ಸಾಕ್ಷಿ ಇದೆ. 1896ರಲ್ಲಿ ನಾಲ್ಕನೆಯ ಹುಸಾರ್ಸ್ ದಳದ ಜೊತೆ ಬೆಂಗಳೂರು ದಂಡಿಗೆ ಬಂದ ವಿನ್‌ಸ್ಟನ್ ಚರ್ಚಿಲ್ ಇನ್ನಿಬ್ಬರು ಅಧಿಕಾರಿಗಳ ಜೊತೆ ಒಂದು ಬಂಗಲೆಯಲ್ಲಿದ್ದ. ಮೂವರೂ ಮದುವೆಯಾಗದ ಹುಡುಗರು. ತಲೆಗೊಬ್ಬ ಬಟ್ಲರ್, ಬಟ್ಟೆಬರೆ ನೋಡಿಕೊಳ್ಳಲು ತಲೆಗೊಬ್ಬ ಹುಡುಗ, ಪ್ರತಿ ಕುದುರೆಗೂ ಒಬ್ಬ ಸಯ್ಯಿಸ್. ಇದರ ಮೇಲೆ ಮೂವರಿಗೂ ಸೇರಿ ಇಬ್ಬರು ತೋಟದವರು, ಮೂವರು ಭಿಸ್ತಿಗಳು, ನಾಲ್ವರು ಅಗಸರು, ಒಬ್ಬ ಕಾವಲುಗಾರ. 1930ರಲ್ಲಿ ಬಂದ ಆತ್ಮಕಥೆಯಲ್ಲಿ ಅವನೇ ಈ ಲೆಕ್ಕ ಕೊಟ್ಟಿದ್ದಾನೆ, ಸ್ವಲ್ಪವೂ ಸಂಕೋಚವಿಲ್ಲದೆ.

ನನ್ನ ಮಾತಿನ ತಿರುಳು ಇಲ್ಲೇ ಇದೆ. ಈ ಮನೆಗಳನ್ನು ನೋಡಿದವರು “ಆಹಾ, ಆ ಕಾಲದಲ್ಲಿ ಹವೆಗೆ ತಕ್ಕಂತೆ ಎಷ್ಟು ಜಾಣತನದಿಂದ ಕಟ್ಟುತ್ತಿದ್ದರು, ಕರೆಂಟಿಲ್ಲದೆ ಮನೆ ತಂಪಾಗಿರುತ್ತಿತ್ತು” ಎನ್ನುತ್ತಾರೆ. ವಾಸ್ತು ಕಾಲೇಜುಗಳಲ್ಲೂ ಹೀಗೆ ಪಾಠ ಹೇಳುವುದುಂಟು. ಅರ್ಧ ನಿಜ. ದಪ್ಪ ಗೋಡೆ, ವರಾಂಡ, ಗವಾಕ್ಷಿಗಳ ಪಾಲು ಇದ್ದೇ ಇದೆ. ಉಳಿದರ್ಧ ತಂಪು ಬಂದದ್ದು ಭಿಸ್ತಿಯ ಬೆನ್ನಿನಿಂದ, ಪಂಖಾದವನ ತೋಳಿನಿಂದ. ಹತ್ತು ಹನ್ನೆರಡು ಜನ ದಿನವಿಡೀ ತೇಯದಿದ್ದರೆ ಆ ಮನೆ ಮೇ ತಿಂಗಳಲ್ಲಿ ವಾಸಕ್ಕೆ ಯೋಗ್ಯವಾಗಿರಲಿಲ್ಲ.

ಇದನ್ನು ಪರೀಕ್ಷಿಸಬೇಕಾದರೆ ದೂರ ಹೋಗಬೇಕಿಲ್ಲ. ಹಳಿ ದಾಟಿ ಹಳೆಯ ಕಾಶಿಯ ಗಲ್ಲಿಗಳಿಗೆ ಬನ್ನಿ. ಅದೇ ಊರು, ಅದೇ ಲೂ, ಅದೇ 45 ಡಿಗ್ರಿ. ಅಲ್ಲಿಯ ಮನೆಗಳು ಒಂದಕ್ಕೊಂದು ಭುಜ ತಾಗಿಸಿ ನಿಂತಿವೆ. ಮೂರು ನಾಲ್ಕು ಅಂತಸ್ತಿನ ಎತ್ತರ, ನಾಲ್ಕೈದು ಅಡಿ ಅಗಲದ ಗಲ್ಲಿ. ನಡುಮಧ್ಯಾಹ್ನ ಬಿಟ್ಟರೆ ನೆಲಕ್ಕೆ ಬಿಸಿಲು ಇಳಿಯುವುದೇ ಇಲ್ಲ. ಒಳಗೆ ಚೌಕ, ನಮ್ಮ ತೊಟ್ಟಿಮನೆಯ ಹಾಗೆ. ಹಗಲು ನೆಲಮಾಳಿಗೆಯಲ್ಲಿ, ರಾತ್ರಿ ತಾರಸಿಯ ಮೇಲೆ. ಪಕ್ಕದ ಮನೆಯ ಗೋಡೆಯೇ ನನ್ನ ಮನೆಗೆ ನೆರಳು. ಇಲ್ಲಿ ತಂಪಿಗೆ ಬೇಕಾದದ್ದು ನೆರೆಹೊರೆ. ದಂಡಿನಲ್ಲಿ ಬೇಕಾದದ್ದು ಎಕರೆಗಟ್ಟಲೆ ಜಾಗ ಮತ್ತು ಆಳು. ಕರೆಂಟಿಲ್ಲದೆ ತಂಪಾಗಿರುವುದನ್ನು ಕಲಿಯಬೇಕೆಂದರೆ ನಾನಾದರೆ ವಿದ್ಯಾರ್ಥಿಗಳನ್ನು ಮೊದಲು ಗಲ್ಲಿಗೆ ಕಳಿಸುತ್ತೇನೆ, ಬಂಗಲೆಗೆ ಆಮೇಲೆ.

ಹಾಗಾದರೆ ಇಂಗ್ಲಿಷರು ಗಲ್ಲಿಯನ್ನು ನೋಡಿಯೂ ಯಾಕೆ ಕಲಿಯಲಿಲ್ಲ? ಭಯ. 1857ರ ಭಯ ಒಂದು, ಕೆಟ್ಟ ಗಾಳಿಯ ಭಯ ಇನ್ನೊಂದು. ಜ್ವರ, ಕಾಲರಾ ಎಲ್ಲ ದಟ್ಟಣೆಯ ಜಾಗದ ದುರ್ವಾಸನೆಯಿಂದ ಹುಟ್ಟುತ್ತವೆ ಎಂದು ಅವರು ನಂಬಿದ್ದರು. ಹಿಂದೂಸ್ತಾನದ ಸೈನ್ಯದ ಆರೋಗ್ಯ ಕುರಿತ ರಾಯಲ್ ಕಮಿಷನ್ 1863ರಲ್ಲಿ ವರದಿ ಕೊಟ್ಟ ಮೇಲೆ ದೂರ ದೂರ ಕಟ್ಟುವುದು ಶಾಸ್ತ್ರವೇ ಆಗಿಹೋಯಿತು. ತಮಾಷೆ ಎಂದರೆ, ಮಲೇರಿಯಾದ ರಹಸ್ಯ ಬಿಡಿಸಿದ ರೊನಾಲ್ಡ್ ರಾಸ್ ಯುವಕ ಡಾಕ್ಟರಾಗಿ ಬೆಂಗಳೂರಿನ ದಂಡಿನಲ್ಲಿದ್ದಾಗ, 1880ರ ದಶಕದಲ್ಲಿ, ತನ್ನ ಬಂಗಲೆಯ ಕಿಟಕಿಯ ಹೊರಗಿಟ್ಟ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಮರಿಗಳನ್ನು ಕಂಡ. ತೊಟ್ಟಿ ಬೋರಲು ಹಾಕಿದ, ಸೊಳ್ಳೆ ಕಡಿಮೆಯಾಯಿತು. 1897ರಲ್ಲಿ ಸಿಕಂದರಾಬಾದಿನಲ್ಲಿ ಅವನು ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಾಣು ಕಂಡುಹಿಡಿದ. ಶತ್ರು ಊರಿನ ಗಲ್ಲಿಯಲ್ಲಿದ್ದಾನೆಂದು ಎಕರೆಗಟ್ಟಲೆ ದೂರ ಹೋಗಿ ಕಟ್ಟಿಕೊಂಡವರ ಬಚ್ಚಲ ಪಕ್ಕದಲ್ಲೇ ಅವನು ಸಂಸಾರ ಹೂಡಿದ್ದ.

ಇಪ್ಪತ್ತನೆಯ ಶತಮಾನ ಶುರುವಾದ ಮೇಲೆ ಮನೆಗಳಲ್ಲಿ ಕೆಲವು ಬದಲಾವಣೆ ಬಂದವು. ಹುಲ್ಲುಮಾಡು ಹೋಯಿತು. ಉಕ್ಕಿನ ತೊಲೆ ಬಂತು. ಅದರ ಮೇಲೆ ಇಟ್ಟಿಗೆಯ ಸಣ್ಣ ಕಮಾನು ಹೂಡುವುದು ಒಂದು ವಿಧಾನ. ಕಾಶಿಯಲ್ಲಿ ಹತ್ತಿರದ ಚುನಾರಿನಿಂದ ಒಳ್ಳೆಯ ಮರಳುಗಲ್ಲು ಬರುತ್ತಿದ್ದುದರಿಂದ ತೊಲೆಯ ಮೇಲೆ ಕಲ್ಲಿನ ಹಾಸು ಹಾಕಿ ಗಾರೆ ಬಡಿಯುವುದು ಇನ್ನೊಂದು. ಬೆಂಕಿಗೂಡು ಉಳಿಯಿತು, ಜನವರಿಯ ಕಾಶಿಯ ಚಳಿ ಕಂಡವರಿಗೆ ಅದು ಸೋಗು ಅನ್ನಿಸದು.

ಬೆಂಗಳೂರಿನ ದಂಡಿನಲ್ಲಿ ಅದೇ ವರ್ಷಗಳಲ್ಲಿ ಅದೇ ಜನ ಬೇರೆಯೇ ಮನೆ ಕಟ್ಟಿದರು. ಮೂರು ಸಾವಿರ ಅಡಿ ಎತ್ತರದ ಊರು, ಲೂ ಇಲ್ಲ, ತಟ್ಟಿ ಬೇಡ. ಬಿಸಿಲಿನ ಭಯ ಹೋದ ಕೂಡಲೇ ತವರಿನ ನೆನಪು ಮೇಲೆದ್ದಿತು. ಇಳಿಜಾರು ಮಾಡಿಗೆ ಮಂಗಳೂರು ಹೆಂಚು (1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಅದು ದೇಶವೆಲ್ಲ ಹರಡಿತು), ತ್ರಿಕೋನದ ಮುಖಮಾಡು, ಹೊರಚಾಚಿದ ಕಿಟಕಿ, ಕಿಟಕಿಯ ಮೇಲೆ ಚೂಪು ಟೋಪಿಯಂಥ ಮರದ ಪಟ್ಟಿಗಳ ‘ಮಂಕಿ ಟಾಪ್’, ಮುಂದೆ ಗುಲಾಬಿ ತೋಟ. 1898ರ ಪ್ಲೇಗು ಬಂದುಹೋದ ಮೇಲೆ ಹುಟ್ಟಿದ ಫ್ರೇಜರ್ ಟೌನಿನಲ್ಲಿ ಸ್ಟೀಫನ್ಸ್ ಎಂಬ ಇಂಜಿನಿಯರು ಇಲಿ ನುಸುಳದಂಥ ಮನೆಗಳ ಬಡಾವಣೆಯನ್ನೇ ಯೋಜಿಸಿದ. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂತು. ಕಾಶಿಯ ಬಂಗಲೆಯ ಪಕ್ಕ ನಿಲ್ಲಿಸಿದರೆ ಬೆಂಗಳೂರಿನದು ಹೆಚ್ಚು ‘ಇಂಗ್ಲಿಷ್’ ಆಗಿ ಕಾಣುತ್ತದೆ. ನಮ್ಮವರಿಗೂ ಅದು ಹಿಡಿಸಿತು; ಬಸವನಗುಡಿ, ಮಲ್ಲೇಶ್ವರದ ವಕೀಲರು, ಅಮಲ್ದಾರರು ಮಂಕಿ ಟಾಪಿನ ಹಿಂದೆ ದೇವರಮನೆ ಇಟ್ಟುಕೊಂಡು ಸುಖವಾಗಿ ಬಾಳಿದರು.

ವಿದ್ಯುತ್ತು ಬಂದದ್ದೇ ಪಂಖಾದವನು ಹೋದ. ಕೊಳಾಯಿ ಬಂದು ಭಿಸ್ತಿ ಹೋದ. ಕಮೋಡು ಹೋಗಿ ಒಳ್ಳೆಯದೇ ಆಯಿತು. ಆಳುಗಳು ಹೋದಂತೆ 20 ಅಡಿ ಎತ್ತರದ ಮಾಳಿಗೆಯ ಜೇಡರ ಬಲೆ ತೆಗೆಯುವವರು ಯಾರು? ಎಕರೆಗಟ್ಟಲೆ ಕಾಂಪೌಂಡು ಗುಡಿಸುವವರು ಯಾರು? ಇದರ ಮೇಲೆ ಉತ್ತರದ ದಂಡುಗಳಲ್ಲಿ ಇನ್ನೊಂದು ತೊಡಕು. 1836ರ ಸೆಪ್ಟೆಂಬರ್ 12ರ ಗವರ್ನರ್ ಜನರಲರ 179ನೆಯ ಆದೇಶದ ಪ್ರಕಾರ ನೆಲ ಸರ್ಕಾರದ್ದು, ಅದರ ಮೇಲಿನ ಮನೆ ಮಾತ್ರ ಮಾಲೀಕನದು. ಒಂದು ತಿಂಗಳ ನೋಟಿಸು ಕೊಟ್ಟು, ಕಟ್ಟಡದ ಬೆಲೆ ಕೊಟ್ಟು, ಸರ್ಕಾರ ಜಾಗ ವಾಪಸು ಪಡೆಯಬಹುದು. ‘ಓಲ್ಡ್ ಗ್ರಾಂಟ್’ ಎಂದು ಇದರ ಹೆಸರು. ಈ ಆದೇಶದ ಮೇಲೆ ಸುಪ್ರೀಂ ಕೋರ್ಟಿನವರೆಗೆ ವ್ಯಾಜ್ಯಗಳು ನಡೆದಿವೆ. ತನ್ನದಲ್ಲದ ನೆಲದ ಮೇಲಿನ ಮನೆಗೆ ಹೊಸ ಸೂರು ಹಾಕಿಸಲು ಯಾರ ಕೈ ಮುಂದೆ ಬರುತ್ತದೆ? ಅನುಮತಿಯಿಲ್ಲದೆ ಒಂದು ಗೋಡೆ ಎಬ್ಬಿಸುವಂತಿಲ್ಲ. ಈ ನಿರ್ಬಂಧ ಬಂಗಲೆಗಳನ್ನು ಉಳಿಸಿತು ಎಂದೂ ಹೇಳಬಹುದು, ಕೊಳೆಸಿತು ಎಂದೂ ಹೇಳಬಹುದು. ನನ್ನ ಮಟ್ಟಿಗೆ ಎರಡೂ ನಿಜ. ಬೆಂಗಳೂರಿನಲ್ಲಿ ನೆಲದ ಬೆಲೆ ಏರಿ ಬಂಗಲೆಗಳು ಒಂದೊಂದಾಗಿ ಅಪಾರ್ಟ್‌ಮೆಂಟುಗಳಾದವು. ಉತ್ತರದ ದಂಡುಗಳಲ್ಲಿ ಅಷ್ಟು ಬೇಗ ಆಗಲಿಲ್ಲ. ಗಟ್ಟಿ ಧಣಿ ಸಿಕ್ಕವು ಬದುಕಿದವು. ನದೇಸರದ ಕಂಪನಿ ಕಾಲದ ಮನೆ ಕಾಶಿ ಮಹಾರಾಜರ ಕೈಗೆ ಬಂದು ಈಗ ತಾಜ್ ಹೋಟೆಲಾಗಿದೆ.

ಈ ಸ್ಥಿತಿ ಇನ್ನು ಹೆಚ್ಚು ಕಾಲ ಹೀಗೇ ಇರಲಾರದು. ಕಂಟೋನ್ಮೆಂಟುಗಳ ನಾಗರಿಕ ಪ್ರದೇಶಗಳನ್ನು ಊರಿನ ಪಾಲಿಕೆಗಳಿಗೆ ಸೇರಿಸುವ ಕೆಲಸವನ್ನು ಕೇಂದ್ರ ಸರ್ಕಾರ ಕೈಗೆತ್ತಿಕೊಂಡಿದೆ. 2023ರಲ್ಲಿ ಹಿಮಾಚಲದ ಯೋಲ್ ಕಂಟೋನ್ಮೆಂಟ್ ಮೊದಲನೆಯದಾಗಿ ರದ್ದಾಯಿತು. ಮುಂದೆ ಎಲ್ಲೆಲ್ಲಿ ಹೀಗೆ ಆಗುತ್ತದೋ ಅಲ್ಲೆಲ್ಲ ನೆಲಕ್ಕೆ ಬೆಲೆ ಬರುತ್ತದೆ, ಜೆಸಿಬಿ ಬರುತ್ತದೆ.

ಎಲ್ಲವನ್ನೂ ಉಳಿಸಿ ಎಂದು ನಾನು ಹೇಳಲಾರೆ. ಆಳುಗಳ ಬೆನ್ನ ಮೇಲೆ ನಿಂತ ಮನೆಗಳನ್ನೆಲ್ಲ ಪೂಜಿಸಬೇಕಾಗಿಯೂ ಇಲ್ಲ. ಆದರೆ ಕೆಡವುವ ಮೊದಲು ಅಳೆದು ಬರೆದಿಡಬೇಕು. ಬೆಂಗಳೂರಿಗೆ ಈ ಉಪಕಾರವನ್ನು ಜಾನೆಟ್ ಪಾಟ್ ಎಂಬಾಕೆ ಮಾಡಿದರು. ಅವರು ದಂಡಿನ ಹಳೆಯ ಬಂಗಲೆಗಳ ನಕ್ಷೆ, ಚಿತ್ರ ತೆಗೆದು 1977ರಲ್ಲಿ ಪುಸ್ತಕ ತಂದರು. ಅದರಲ್ಲಿರುವ ಎಷ್ಟೋ ಮನೆಗಳು ಈಗ ಪುಸ್ತಕದಲ್ಲಷ್ಟೇ ಇವೆ. ವಾಸ್ತು, ಸಿವಿಲ್ ಓದುವ ನಮ್ಮ ಮಕ್ಕಳಿಗೆ ಅಳತೆಪಟ್ಟಿ ಹಿಡಿದು ಮಾಡುವ ಕೆಲಸ ಬೇಕಾದಷ್ಟಿದೆ. ಆ ಕೆಲಸದಲ್ಲಿ ವರಾಂಡ, ಮಂಕಿ ಟಾಪುಗಳನ್ನಷ್ಟೇ ಬರೆದು ಬರಬೇಡಿ. ಪಂಖಾದ ತೂತು, ಬಚ್ಚಲಿನ ಹೊರಬಾಗಿಲು, ಹಿತ್ತಲಿನ ಆಳುಗಳ ಸಾಲುಮನೆ ಇವನ್ನೂ ಅಳೆಯಿರಿ. ಕೆಡವುವಾಗ ಮೊದಲು ಬೀಳುವುದು ಆ ಸಾಲುಮನೆಗಳೇ.

ಮುಂದಿನ ಸಲ ಕಾಶಿಗೆ ಹೋದಾಗ ರೈಲಿಗೆ ಎರಡು ಗಂಟೆ ಮುಂಚೆ ಹೊರಡಿ. ಸ್ಟೇಷನ್ನಿನ ಉತ್ತರದ ಬಾಗಿಲಿನಿಂದ ಹೊರಬಂದು ಮಾಲ್ ರೋಡಿನಲ್ಲಿ ಚರ್ಚಿನ ಕಡೆಗೆ ಒಂದು ಸುತ್ತು ನಡೆದು ಬನ್ನಿ. ಸೈನ್ಯದ ಫಲಕ ಇರುವಲ್ಲಿ ಫೋಟೋ ತೆಗೆಯಬೇಡಿ, ಕಾವಲಿನವರು ಬಿಡುವುದಿಲ್ಲ. ನೋಡುವುದಕ್ಕೆ ಯಾರ ಅಡ್ಡಿಯೂ ಇಲ್ಲ.